ಗೆರೆ ಇಲ್ಲದ ಹುಲಿ-ಕುರಿ ಆಟ

"ಲೇ ತಮ್ಮಾ, ಮಾನ್ವಿ ಹುಲಿ ಕುರ್ಡಿಗೆ ಬಂತು!"

ಒಣಹಳ್ಳದ ಆಚೆ ಕುರಿ ಮೇಯಿಸುತ್ತಿದ್ದ ಕಾಕಾ ಕೂಗಿದ. ಈಚೆ ಬಂಡೆಯ ಮೇಲೆ ಇದ್ದಿಲಿನಿಂದ ಬರೆದ ಹುಲಿ-ಕುರಿ ಪಟದಲ್ಲಿ ನಾನು ಅವನ ಕಲ್ಲು ಸರಿಸಿದೆ. ಹುಲಿ ಅವನವು, ಕುರಿ ನನ್ನವು; ಪಟದ ಮನೆಗಳಿಗೆ ನಾವು ಊರುಗಳ ಹೆಸರಿಟ್ಟಿದ್ದೆವು. ಅವನ ಮುಂದೆ ಪಟ ಇರಲಿಲ್ಲ. ಕೋಲಿಗೆ ಗದ್ದ ಊರಿ, ಕಣ್ಣು ಮುಚ್ಚಿ ಆಡುತ್ತಿದ್ದ.

"ಗೆರಿ ಯಾಕ ಬೇಕಲೇ, ತಲ್ಯಾಗ ಜಾಗ ಇಲ್ಲೇನು?" ಎಂದು ದಿನಾ ಕೆಣಕುತ್ತಿದ್ದ.

ಸೋತವನು ಉರಿಬಿಸಿಲಲ್ಲಿ ಇಬ್ಬರ ಕುರಿಗಳನ್ನೂ ಕಾಲುವೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಬೇಕು. ಗೆದ್ದವನಿಗೆ ಜಾಲಿಮರದ ನೆರಳು. ನಾನು ಒಮ್ಮೆಯೂ ಗೆದ್ದಿರಲಿಲ್ಲ.

ಆ ದಿನ ನನ್ನದೇ ಟಗರು ಬಂಡೆ ಹತ್ತಿ ಕಲ್ಲುಗಳನ್ನೆಲ್ಲ ಚೆಲ್ಲಿತು.

"ಕಾಕಾ, ನನ್ನ ಆಟ ಕೆಟ್ಟೋತು. ಯಾವ್ದು ಎಲ್ಲಿತ್ತು, ನೀನಽ ಹೇಳು."

ಅವನು ಏನು ಹೇಳಿದರೂ ನಾನು ನಂಬಬೇಕಿತ್ತು. ಒಂದೊಂದೇ ಊರು ಹೇಳಿದ, ನಾನು ಕಲ್ಲಿಟ್ಟೆ.

"ಗುಂಜಹಳ್ಳಿ ಖಾಲಿ ಅದ, ನೋಡ್ಕೊ."

ಅಲ್ಲಿ ಕುರಿ ಇಟ್ಟೆ. ಅವನ ಕೊನೆಯ ಹುಲಿಗೂ ದಾರಿ ಮುಚ್ಚಿತು; ನಾನು ಗೆದ್ದೆ.

"ಸುಳ್ಳು ಹೇಳಿದ್ರ ಗೆಲ್ತಿದ್ಯಲ್ಲ ಕಾಕಾ?"

"ತಲ್ಯಾಗ ಇದ್ದದ್ದು ಹೆಂಗ ಅಳಸ್ಲಿ ಲೇ?"

ಕಂಬಳಿ ಹೆಗಲಿಗೆ ಹಾಕಿಕೊಂಡು ಹಳ್ಳ ದಾಟಿ ಬಂದ, ನನ್ನ ಕುರಿಗಳನ್ನೂ ಹೊಡೆದುಕೊಂಡು ಕಾಲುವೆಯ ಕಡೆ ಹೋದ. ಇಷ್ಟೇ. ಹೇಳಲು ಇನ್ನೇನೂ ಇಲ್ಲ.