ಕಾಕಾನ ಸಿಟ್ಟಿಗೆ ಬಜೆಟ್ ಇರಲಿಲ್ಲ

ನಮ್ಮ ಮನೆತನದ ಮದುವೆಗಳಲ್ಲಿ ಹಾಲ್, ಹುಗ್ಗಿ, ಹಾರಗಳ ಜೊತೆಗೆ ಇನ್ನೊಂದು ಖರ್ಚು ಇದ್ದೇ ಇರುತ್ತಿತ್ತು. ಅದು ನಮ್ಮ ಕಾಕಾನ ಸಿಟ್ಟಿನ ಖರ್ಚು. ಕಾಕಾ ಅಂದರೆ ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಬೈಲಹೊಂಗಲದಲ್ಲಿ ಕಾಳುಕಡಿ ದಲಾಲಿಯ ಅಡತಿ ಅಂಗಡಿ, ಎರಡಂತಸ್ತಿನ ಮನೆ, ಬಿಳಿ ಕಾರು, ಎಲ್ಲವೂ ಇರುವ ಮನುಷ್ಯ. ಎದುರಿಗೆ ಸಿಕ್ಕರೆ ನಾನೂ "ಬರ್ರಿ ಕಾಕಾ, ಕುಂದರ್ರಿ" ಅನ್ನುತ್ತೇನೆ. ಬಾಯಿಗೆ ಅಷ್ಟು ಮರ್ಯಾದೆ ಅವ್ವ ಕಲಿಸಿದ್ದಾಳೆ. ಬರೆಯುವಾಗ ಮಾತ್ರ ಅವನಿಗೆ ಬಹುವಚನ ಹಚ್ಚಲು ನನ್ನ ಕೈ ಏಳುವುದಿಲ್ಲ.

ಇವನು ಸಿಟ್ಟಾಗದೆ ನಮ್ಮಲ್ಲಿ ಒಂದು ಮದುವೆಯೂ ಆಗಿಲ್ಲ. ಕಿತ್ತೂರಿನಲ್ಲಿ ನನ್ನ ಮದುವೆ ನಡೆದಾಗ ಅವನ ತಲೆಗೆ ಸುತ್ತಿದ ಪಟಗದ ಬಣ್ಣವೂ ಟೆಂಪೋ ಡ್ರೈವರನ ಪಟಗದ ಬಣ್ಣವೂ ಒಂದೇ ಆಗಿತ್ತು. ಅದಕ್ಕೆ ಸಿಟ್ಟು. ಸೋದರತ್ತೆಯ ಮಗಳ ಮದುವೆಯಲ್ಲಿ ಅವನ ಎಲೆಗೆ ಬಿದ್ದ ಹಪ್ಪಳ ಮುರಿದಿತ್ತು. ಅದಕ್ಕೂ ಸಿಟ್ಟು! ಮುರಿಯದೆ ಹಪ್ಪಳವನ್ನು ಅವನು ಹೇಗೆ ತಿನ್ನುತ್ತಿದ್ದನೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಿಟ್ಟಾದವನು ಮನೆಗೆ ಹೋಗುತ್ತಾನೆಯೇ ಅಂದರೆ ಅದೂ ಇಲ್ಲ. ಹಾಲ್‌ನ ಬಾಗಿಲಿನಿಂದ ಎಲ್ಲರಿಗೂ ಕಾಣುವಂಥ ಒಂದು ಕಟ್ಟೆ ಹುಡುಕಿ, ಮಾರಿ ಗಂಟು ಹಾಕಿಕೊಂಡು, ಕೈ ಕಟ್ಟಿ ಕೂಡುತ್ತಾನೆ. ಏನಾಯಿತು ಅಂತ ಕೇಳಿದರೆ "ಏನಿಲ್ಲ ಬಿಡ್ರಿ, ನಮ್ಮದೇನೈತಿ" ಅನ್ನುತ್ತಾನೆ. ಮತ್ತೆ ಕೇಳಬೇಕು. ಮತ್ತೆ ಮತ್ತೆ ಕೇಳಬೇಕು.

ಕೇಳುವವನು ಯಾವಾಗಲೂ ನಮ್ಮಪ್ಪ. ಸಿರಸಂಗಿಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡು ಮೂರು ಹೆಣ್ಣುಮಕ್ಕಳನ್ನು ಸಾಕಿದವನು, ಯಾರಿಗೂ ಒಂದು ಗಡಸು ಮಾತು ಆಡಿದವನಲ್ಲ. ಅವನು ಹೋಗಿ ಮಂದಿಯ ಮುಂದೆ ತಮ್ಮನಿಗೆ ಕೈ ಮುಗಿಯುತ್ತಿದ್ದ. "ತಪ್ಪಾತಪಾ, ಏಳು. ನೀ ಇಲ್ಲದ ಅಕ್ಕಿಕಾಳು ಹೆಂಗ ಹಾಕೂದು?" ಅನ್ನುತ್ತಿದ್ದ. ಬರೀ ಕೈ ಮುಗಿದರೆ ಕಾಕಾ ಏಳುತ್ತಿರಲಿಲ್ಲ. ಒಮ್ಮೆ ಜರಿ ಅಂಚಿನ ಧೋತರ, ಒಮ್ಮೆ ಅವನ ಹೆಂಡತಿ ಕಾಕೂಗೆ ರೇಶ್ಮೆ ಸೀರೆ, ಏನಾದರೊಂದು ಬೇಕು. ಹಪ್ಪಳದ ದಿನ ಅಷ್ಟೂ ಬೀಗರ ಮುಂದೆ ಅಪ್ಪನಿಗೆ "ಕಿರಾಣಿ ಅಂಗಡ್ಯಾಂವಂದು ಬುದ್ಧಿನೂ ಒಂದ ಛಟಾಕು" ಅಂದ. ಅಪ್ಪ ನಕ್ಕು ಅವನ ರಟ್ಟೆ ಹಿಡಿದು ಎಬ್ಬಿಸಿದ. ಆಗ ಶಾಲೆಗೆ ಹೋಗುತ್ತಿದ್ದ ನನ್ನ ಕಿರಿಯ ತಂಗಿ ನೀರಿನ ಚೊಂಬು ಹಿಡಿದು ಅಪ್ಪನ ಹಿಂದೆಯೇ ನಿಂತಿದ್ದಳು. ಅವಳು ಅದನ್ನು ಮರೆಯಲಿಲ್ಲ.

ಈಗ ಅವಳ ಮದುವೆಯೇ ಬಂತು. ವರ ಮುನವಳ್ಳಿಯವನು. ಹುಡುಗನ ಕಡೆಯವರು ಸಾದಾ ಮಂದಿ, ಬೇಡಿಕೆ ಏನೂ ಇರಲಿಲ್ಲ. ಆದರೆ ನಮ್ಮ ಕೈಯಲ್ಲಿ ರೊಕ್ಕವೂ ಇರಲಿಲ್ಲ. ಧನುರ್ಮಾಸ ಹತ್ತುವುದರೊಳಗೆ ಮದುವೆ ಮುಗಿಸಬೇಕು ಅಂತ ಇಡೀ ಜಿಲ್ಲೆಯೇ ಹಾಲ್ ಹುಡುಕುತ್ತಿದ್ದ ದಿನಗಳವು. ನಾನು ಕಿತ್ತೂರಿನಿಂದ ತವರಿಗೆ ಬಂದು ಅವ್ವ, ತಂಗಿಯರ ಜೊತೆ ಅಡುಗೆಮನೆಯಲ್ಲಿ ಕೂತೆ. ಸವದತ್ತಿ ಹತ್ತಿರ ಒಂದು ಹಾಲ್‌ನವರು ಒಂದೇ ದಿನಕ್ಕೆ ಎರಡು ಮದುವೆ ಹಿಡಿಯುತ್ತಿದ್ದರು. ಮುಂಜಾನೆಯ ಪಾಳಿ ಅರ್ಧ ಬಾಡಿಗೆಗೆ ಸಿಗುತ್ತಿತ್ತು. ಯಾಕೆಂದರೆ ಆ ಥಂಡಿಯಲ್ಲಿ ಸೂರ್ಯನ ಜೊತೆ ಎದ್ದು ವಧೂವರರ ಮೇಲೆ ಅಕ್ಕಿಕಾಳು ಹಾಕುವ ಹುರುಪು ಯಾರಿಗೂ ಇರಲಿಲ್ಲ. ಮಧ್ಯಾಹ್ನದೊಳಗೆ ಪಾತ್ರೆ-ಪಗಡಗಳ ಸಮೇತ ಜಾಗ ಖಾಲಿ ಮಾಡಬೇಕು, ಇನ್ನೊಂದು ಮದುವೆಯವರು ಬರುತ್ತಾರೆ. ನಾವು ಅದನ್ನೇ ಹಿಡಿದೆವು.

ಉಳಿದದ್ದನ್ನೆಲ್ಲ ನಾನೇ ಕತ್ತರಿಸಿದೆ. ಯಾರಿಗೂ ಪಟಗ ಸುತ್ತುವುದಿಲ್ಲ. ಉಡುಗೊರೆಯ ಆಯೇರಿ ಬಟ್ಟೆ ಇಲ್ಲ, ಯಾರೂ ತರುವುದೂ ಬೇಡ. ನಮ್ಮ ಕಪಾಟಿನಿಂದ ಅವರ ಕಪಾಟಿಗೆ, ಅವರ ಕಪಾಟಿನಿಂದ ಮತ್ತೊಬ್ಬರ ಮದುವೆಗೆ ತಿರುಗಾಡುವ ಆ ಕುಬಸದ ತುಂಡುಗಳನ್ನು ಇವತ್ತಿನ ತನಕ ಯಾರಾದರೂ ಹೊಲಿಸಿಕೊಂಡದ್ದು ಉಂಟೇ? ಗಾದಿ ಬಾಡಿಗೆಗೆ ತರುವುದಿಲ್ಲ, ಓಣಿಯ ಮನೆಗಳಿಂದ ಕೌದಿ ಎತ್ತಿ ತಂದರೆ ಸಾಕು. ಚಹಾಕ್ಕೆ ಕಾಗದದ ಕಪ್ಪು. ಊಟಕ್ಕೆ ಸಿಹಿಯೆಂದರೆ ಗೋಧಿ ಹುಗ್ಗಿ ಒಂದೇ, ಜೊತೆಗೆ ಬದನೆಕಾಯಿ ಪಲ್ಯ, ಅನ್ನ, ಸಾರು. ಸುದ್ದಿ ಹರಡಿದ ಕೂಡಲೇ ಬಳಗದವರು ಫೋನು ಹಚ್ಚಿದರು. "ಅಲ್ಲವಾ, ಒಂದ ಸ್ವೀಟು?" ಅಂತ ಒಬ್ಬಳು. "ಮುಂಜಾನಿ ಜಳಕಕ್ಕ ಬಿಸಿನೀರರ ಇರತಾವ ಇಲ್ಲ?" ಅಂತ ಇನ್ನೊಬ್ಬಳು. ಇವರ್ಯಾರೂ ತಮ್ಮ ಮನೆಯಲ್ಲಿ ದಿನಾ ಎರಡು ಸ್ವೀಟು ತಿಂದು ಬಿಸಿನೀರಿನಲ್ಲಿ ಮುಳುಗೇಳುವವರಲ್ಲ. ಮಂದಿಯ ಖರ್ಚಿನ ಮದುವೆ ಅಂದ ಕೂಡಲೇ ಎಲ್ಲರೂ ರಾಜವಂಶದವರಾಗುತ್ತಾರೆ.

ಎಲ್ಲ ಮುಗಿದ ಮೇಲೆ ಅವ್ವ ಮೆಲ್ಲಗೆ, "ಮತ್ತ ನಿಮ್ಮ ಕಾಕಾಗ?" ಅಂದಳು. ಸಿಟ್ಟು ಇಳಿಸಲು ಒಂದು ಧೋತರವಾದರೂ ತಂದಿಡೋಣ ಅಂತ ಅವಳ ವಿಚಾರ. ಆಗ ಕಿರಿಯ ತಂಗಿ ಒಲೆಯ ಮುಂದಿನಿಂದ ಎದ್ದು ಬಂದಳು. ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಎದುರು ನಿಂತು, "ಅಪ್ಪಾ, ನನಗ ಬಂಗಾರ ಬ್ಯಾಡ, ಸೀರಿ ಬ್ಯಾಡ. ನನ್ನ ಮದವ್ಯಾಗ ನೀ ಅವ್ರಿಗೆ ಕೈ ಮುಗಿಬ್ಯಾಡ. ನೀ ಎದ್ದು ಹೊರಗ ಹೋದ್ರ ನಾನೂ ಮಣಿ ಮ್ಯಾಲಿಂದ ಏಳತೇನಿ ನೋಡು" ಅಂದಳು.

"ಹುಚ್ಚಿ, ಅವ ನನ್ನ ತಮ್ಮ" ಅಂದ ಅಪ್ಪ. "ಸಿಟ್ಟು ಮಾಡೂದು ಅವನ ಸ್ವಭಾವ. ನಾ ಹೋಗಿ ಕರದ್ರ ಬರತಾನ. ಮತ್ಯಾರ ಮಾತೂ ಕೇಳಾಂಗಿಲ್ಲ ಅವ."

"ಕೇಳಬ್ಯಾಡ ಬಿಡು. ಕುಂದರ್ಲಿ ಅಲ್ಲೇ."

ಕೊನೆಗೆ ಅಪ್ಪ "ಆತು ಬಿಡವಾ, ಹೋಗೂದಿಲ್ಲ" ಅಂದ. ಅವನು ಮಾತಿಗೆ ತಪ್ಪುವವನಲ್ಲ. ಆದರೆ ತಮ್ಮನ ವಿಷಯದಲ್ಲಿ ಅವನ ಮಾತನ್ನು ನಾನು ನಂಬಲಿಲ್ಲ. ತಂಗಿ ನಂಬಿದಳು. ಅವಳಿಗೆ ಆ ಮದುವೆಯಲ್ಲಿ ಬೇಕಾಗಿದ್ದದ್ದು ಅದೊಂದೇ.

ಮದುವೆಯ ಮುಂಜಾನೆ ಹಲ್ಲು ಕಟಕಟ ಅನ್ನುವ ಥಂಡಿ. ಬೀಗರು ಕಿವಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಕಾಕಾ ತನ್ನ ಬಿಳಿ ಕಾರಿನಲ್ಲಿ, ಮನೆಯಿಂದಲೇ ದೊಡ್ಡದೊಂದು ಗುಲಾಬಿ ಪಟಗ ಸುತ್ತಿಕೊಂಡು ಬಂದಿಳಿದ. ನಾವು ಸುತ್ತುವುದಿಲ್ಲ ಅಂತ ಗೊತ್ತಿತ್ತಲ್ಲ! ಕುರ್ಚಿ ಕೊಟ್ಟೆವು, ಉಪ್ಪಿಟ್ಟು ಕೊಟ್ಟೆವು, ಬಿಸಿ ಚಹಾ ಕೊಟ್ಟೆವು. ಇವತ್ತು ಕಾರಣವೇ ಸಿಗುವುದಿಲ್ಲ ಅಂದುಕೊಂಡೆ. ಅವನನ್ನು ನಾನು ಎಷ್ಟು ಕಡಿಮೆ ತಿಳಿದಿದ್ದೆ! ವರನ ತಂದೆಗೆ ಸಕ್ಕರೆ ಕಾಯಿಲೆ. ಅವರಿಗೆ ಸಪ್ಪೆ ಚಹಾ ಬೇರೆ ಮಾಡಿ, ಗುರುತು ಸಿಗಲಿ ಅಂತ ಸ್ಟೀಲ್ ಲೋಟದಲ್ಲಿ ಕಳಿಸಿದ್ದೆವು. ಕಾಕಾ ಆ ಲೋಟ ನೋಡಿದ. ತನ್ನ ಕೈಯಲ್ಲಿದ್ದ ಕಾಗದದ ಕಪ್ಪು ನೋಡಿದ. ಮುಟ್ಟದ ಉಪ್ಪಿಟ್ಟನ್ನೂ ಕಪ್ಪನ್ನೂ ಕುರ್ಚಿಯ ಕೆಳಗಿಟ್ಟು ಎದ್ದು ಹೊರಟೇಬಿಟ್ಟ.

ಸ್ವಲ್ಪ ಹೊತ್ತಿಗೆ ಕಾಕು ಬಂದಳು. "ನಿಮ್ಮ ಕಾಕಾ ಹೊರಗ ಗೇಟಿನ ಕಟ್ಟಿ ಮ್ಯಾಲ ಕುಂತಾರ. ಸ್ವೆಟರ್ ಸೈತ ಹಾಕ್ಕೊಂಡಿಲ್ಲ. ಥಂಡಿ ಭಾಳ ಐತಿ" ಅಂದಳು. ಥಂಡಿಯನ್ನೂ ನಾವೇ ಆರ್ಡರ್ ಕೊಟ್ಟು ತರಿಸಿದವರಂತೆ ನನ್ನ ಮಾರಿ ನೋಡಿದಳು. "ಸ್ವೆಟರ್ ಎಲ್ಲೈತಿ?" ಅಂದೆ. "ಕಾರಿನ್ಯಾಗ ಐತಿ" ಅಂದಳು. "ಕಾರು?" ಅಂದೆ. "ಕಟ್ಟಿ ಮುಂದ ಐತಿ." ನಾನು ಅಕ್ಕಿಕಾಳು ಹಂಚಲು ಹೋದೆ.

ಅಯ್ಯನವರು ಮಂಗಳಾಷ್ಟಕ ಶುರು ಮಾಡಿದರು. ಅಪ್ಪ ಮಣೆಯ ಪಕ್ಕದಲ್ಲಿ ನಿಂತಿದ್ದ. ಅವನ ಕಣ್ಣು ಬಾಗಿಲ ಕಡೆಗೇ ಇತ್ತು. ಅಲ್ಲಿಂದ ನೋಡಿದರೆ ಗೇಟಿನ ಕಟ್ಟೆಯ ಮೇಲಿನ ಗುಲಾಬಿ ಪಟಗ ಚೊಲೋದಾಗಿ ಕಾಣುತ್ತಿತ್ತು. ಕಾಣಲಿ ಅಂತಲೇ ಅಲ್ಲವೇ ಅದು ಅಲ್ಲಿ ಕೂತದ್ದು! ಅಪ್ಪನ ಮುಷ್ಟಿಯಲ್ಲಿದ್ದ ಅಕ್ಕಿಕಾಳು ಬೆರಳಿನ ಸಂದಿಯಿಂದ ಉದುರುತ್ತಿದ್ದವು. ತಂಗಿ ಬಾಸಿಂಗದ ಕೆಳಗಿನಿಂದ ವರನನ್ನು ನೋಡುತ್ತಿರಲಿಲ್ಲ, ಅಪ್ಪನ ಕಾಲುಗಳನ್ನೇ ನೋಡುತ್ತಿದ್ದಳು. ಒಂದು ಸಲ ಅಪ್ಪನ ಬಲಗಾಲು ಒಂದು ಹೆಜ್ಜೆ ಬಾಗಿಲ ಕಡೆ ಸರಿಯಿತು. ನಾನು ಹೋಗಿ ಅವನಿಗೂ ಬಾಗಿಲಿಗೂ ನಡುವೆ ನಿಂತೆ. ಅಪ್ಪ ನನ್ನನ್ನು ನೋಡಿ, ತಂಗಿಯನ್ನು ನೋಡಿ, ಕಾಲನ್ನು ಹಿಂದಕ್ಕೆ ತಂದ. ವಾದ್ಯ ಮೊಳಗಿತು, ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿಯಾಯಿತು. ಕಾಕಾ ಇಲ್ಲದೆಯೂ ನಮ್ಮ ಮನೆಯಲ್ಲಿ ಒಂದು ಮದುವೆ ಆಯಿತು. ಆ ಹೊತ್ತಿನಲ್ಲಿ ನನಗಾದ ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ.

ಪಂಕ್ತಿಗಳು ಬೇಗ ಬೇಗ ಎದ್ದವು. ಹೊತ್ತೇರಿದರೂ ಕಾಕಾ ಕಟ್ಟೆ ಬಿಡಲಿಲ್ಲ. ಬಿಸಿಲು ಬಿದ್ದಿತ್ತು, ಈಗ ಅವನಿಗೆ ಅಲ್ಲಿ ಸುಖವಾಗಿಯೇ ಇದ್ದಿರಬೇಕು. ಅವ್ವ "ಒಂದ ತಾಟು ಕಳಸ್ಲೇನು?" ಅಂದಳು. "ಕಳಸಬ್ಯಾಡ" ಅಂದೆ. ಎರಡನೆಯ ಪಾಳಿಯವರು ಬರುವ ಹೊತ್ತಾಗಿತ್ತು. ನಾವು ಪಕ್ಕದ ಬಾಗಿಲಿನಿಂದ ಪಾತ್ರೆಗಳನ್ನು ಟೆಂಪೋಗೆ ಏರಿಸತೊಡಗಿದೆವು. ಆಗ ಅಪ್ಪ ಕಂಡ. ಸೆರಗಿನ ಮರೆಯಲ್ಲಿ ತಿಂಡಿ ಒಯ್ಯುವ ಹೆಂಗಸರಂತೆ ಹೆಗಲ ಮೇಲಿನ ಶಲ್ಲೆಯ ಮರೆಯಲ್ಲಿ ಒಂದು ತಾಟು ಹಿಡಿದು, ಅದರ ಮೇಲೆ ಇನ್ನೊಂದು ತಾಟು ಮುಚ್ಚಿ, ಗೇಟಿನ ಕಡೆ ಹೊರಟಿದ್ದ.

"ಅಪ್ಪಾ!" ಅಂದೆ.

"ಮದವಿ ಮುಗೀತಲ್ಲವಾ" ಅಂದ. "ಮದವ್ಯಾಗ ಹೋಗೂದಿಲ್ಲಂದಿದ್ದೆ, ಹೋಗಲಿಲ್ಲ. ಮುಂಜಾನಿಯಿಂದ ಉಪವಾಸ ಅದಾನ. ನಾ ಕರೀಲಿಲ್ಲಂದ್ರ ಅವ ಹಂಗ ಕುಂದರ್ತಾನ. ನಮ್ಮವ್ವ ಸತ್ತಾಗೂ ಹಿಂಗ ಕುಂತಿದ್ದ, ನಾನ ತುತ್ತು ಮಾಡಿ ಉಣ್ಣಿಸಿದ್ದೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಗೇಟಿನಲ್ಲಿ ಬ್ಯಾಂಡು ಶುರುವಾಯಿತು. ರಾಮದುರ್ಗದ ಕಡೆಯ ಮದುವೆ. ಜೀಪು, ಟೆಂಪೋಗಳಿಂದ ಮಂದಿ ಇಳಿದರು. ಅವರಲ್ಲಿ ಹೆಣ್ಣಿನ ತಂದೆ ಇರಬೇಕು, ಹೊಸ ಅಂಗಿಯ ಹಿರಿಯರೊಬ್ಬರು, ಕಟ್ಟೆಯ ಮೇಲೆ ಮಾರಿ ಗಂಟು ಹಾಕಿಕೊಂಡು ಕೂತ ದೊಡ್ಡ ಪಟಗವನ್ನು ಕಂಡು ಗಾಬರಿಯಾದರು. ಗಂಡಿನ ಕಡೆಯ ಯಾರೋ ದೊಡ್ಡ ಮನುಷ್ಯ ಆಗಲೇ ಸಿಟ್ಟಾಗಿ ಕೂತಿದ್ದಾನೆ ಅಂದುಕೊಂಡರು. ಮದುವೆಮನೆಯ ಮುಂದೆ ಹೀಗೆ ಕೂತವನನ್ನು ಕಂಡರೆ ನಮ್ಮ ಕಡೆ ಯಾರಾದರೂ ಮತ್ತೇನು ತಿಳಿಯುತ್ತಾರೆ? ಅವರು ಓಡಿ ಬಂದು ಕೈ ಮುಗಿದರು.

"ಯಜಮಾನ್ರ, ತಪ್ಪಾತ್ರಿ, ನಾವು ಬರೂದು ತಡಾ ಆತು. ಏಳ್ರಿ, ಒಳಗ ಬರ್ರಿ."

ಕಾಕಾ ತಲೆ ಎತ್ತಿ ಅವರನ್ನು ನೋಡಿದ. ಗುರುತಿಲ್ಲದ ಮಂದಿ ಅಂತ ಅವನಿಗೆ ಚೆನ್ನಾಗಿ ಗೊತ್ತಾಯಿತು. ಈಗಾದರೂ ಹೇಳಿಯಾನು ಅಂತ ನಾನು ಕಾದೆ. ಅವನು ಪಟಗ ಸರಿ ಮಾಡಿಕೊಂಡ.

"ಏನಿಲ್ಲ ಬಿಡ್ರಿ, ನಮ್ಮದೇನೈತಿ" ಅಂದ.

"ಹಂಗನಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳತೇನಿ."

"ಚಹಾ ಸೈತ ನೆಟ್ಟಗ ಕೊಡಲಿಲ್ಲಂದ್ರ ಮನಶ್ಯಾ ಏನ್ ಮಾಡಬೇಕ್ರಿ?"

ಯಾರ ಮನೆಯ ಚಹಾ, ಯಾರ ಮೇಲಿನ ಸಿಟ್ಟು! ಅವರು ಬೆಪ್ಪಾಗಿ ಒಬ್ಬರ ಮಾರಿ ಒಬ್ಬರು ನೋಡಿ, ಕೂಗಾಡಿ, ಶಾಲು ತರಿಸಿ ಅವನ ಹೆಗಲಿಗೆ ಹೊದಿಸಿದರು. ಕೈಗೆ ತೆಂಗಿನಕಾಯಿ ಕೊಟ್ಟರು. ಅವರು ಅವನ ಎರಡೂ ರಟ್ಟೆ ಹಿಡಿದು ಎಬ್ಬಿಸಿದ ಕೂಡಲೇ, ನಮ್ಮ ಕಾಕಾ, ಬೈಲಹೊಂಗಲದ ಅಡತಿ ಅಂಗಡಿಯ ಧಣಿ, ಎದ್ದು ಅವರ ಜೊತೆ ಒಳಗೆ ನಡೆದ. ಹಿಂತಿರುಗಿಯೂ ನೋಡಲಿಲ್ಲ.

ನಾನು ಟೆಂಪೋದ ಹಲಗೆ ಹಿಡಿದುಕೊಂಡು ನಕ್ಕೆ, ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ತಂಗಿ ಬಾಸಿಂಗ ಕೈಯಲ್ಲಿ ಹಿಡಿದು ನಕ್ಕಳು. ಕಾಕು ಮಾತ್ರ "ಅವ್ರ ಪೈಕಿ ಯಾರೋ ಪರಿಚಯದವ್ರು ಇರಬೇಕು" ಅಂತ ಗೊಣಗುತ್ತ ಕಾರಿನಲ್ಲಿ ಹೋಗಿ ಕೂತಳು. ಥೂ, ಎಂಥ ಮನುಷ್ಯ! ಈಗಲಾದರೂ ಅಪ್ಪನಿಗೆ ತಿಳಿಯಿತಲ್ಲ ಅಂತ ನಗುತ್ತಲೇ ಅವನ ಕಡೆ ತಿರುಗಿದೆ.

ಅಪ್ಪ ತಾಟು ಹಿಡಿದು ಅಲ್ಲೇ ನಿಂತಿದ್ದ. "ಅವ್ರ ಗುರುತು ಐತೇನು ಇವಗ?" ಅಂದ.

"ಇಲ್ಲಪಾ. ಯಾರೋ ಏನೋ."

ಅಪ್ಪ ಮೇಲಿನ ತಾಟು ತೆಗೆದ. ಹುಗ್ಗಿ ಆರಿ ಕೆನೆಗಟ್ಟಿತ್ತು. ನಿಂತಲ್ಲೇ ಒಂದು ತುತ್ತು ತಾನೇ ಬಾಯಿಗೆ ಹಾಕಿಕೊಂಡ. ಅವನೂ ಮುಂಜಾನೆಯಿಂದ ಉಂಡಿರಲಿಲ್ಲ ಅಂತ ನನಗೆ ಆಗ ಹೊಳೆಯಿತು.

"ಯಾರ ಕರದ್ರೂ ಏಳತಿದ್ನಲ್ಲವಾ ಇವ" ಅಂದ. "ಇಷ್ಟು ವರ್ಷ, ನಾನ ಬೇಕು ಅಂತ ತಿಳಕೊಂಡಿದ್ದೆ."