ಗುಳ್ಳೆ ಬಾರದ ಬಾವಿ

ಹೋದ ವಾರ ಸೊಂಟನೋವಿಗೆಂದು ಬಿಸಿನೀರು ತುಂಬುವ ರಬ್ಬರ್ ಚೀಲ ತರಿಸಿದೆ. ಪೊಟ್ಟಣ ಬಿಚ್ಚಿದ ಕೂಡಲೇ ಹೊಸ ರಬ್ಬರಿನ ವಾಸನೆ, ಬೆರಳಿಗೆ ಅಂಟಿದ ಬಿಳಿಯ ನುಣುಪು ಪುಡಿ... ಅದನ್ನು ಮಡಿಲಲ್ಲಿಟ್ಟುಕೊಂಡು ಹಾಗೇ ಕೂತುಬಿಟ್ಟೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಮುಳಬಾಗಿಲಿನಲ್ಲಿ, ನಮ್ಮ ಪಕ್ಕದ ಮನೆಯ ನಡುಮನೆಗೆ ಇದೇ ವಾಸನೆಯಿತ್ತು.

ಆ ಮನೆಯವರನ್ನು ನಾನು ಅಣ್ಣ ಎನ್ನುತ್ತಿದ್ದೆ. ಚಿನ್ನದ ಗಣಿಯ ರಕ್ಷಣಾ ತಂಡದಲ್ಲಿದ್ದು, ಕೆಲಸ ಬಿಟ್ಟು ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದರು. ಮದುವೆಯಾಗಿರಲಿಲ್ಲ. ಜೊತೆಗೆ ಎಲೆ-ಅಡಿಕೆ ಬಿಡದ ಮುದಿ ತಾಯಿ. ಬರುವಾಗ ಹಳೆಯ ಸಾಮಾನಿನ ಹರಾಜಿನಲ್ಲಿ ಒಂದು ಉಸಿರಿನ ಯಂತ್ರ ಕೊಂಡು ತಂದಿದ್ದರು. ಎದೆಗೆ ಕಟ್ಟಿಕೊಳ್ಳುವ ರಬ್ಬರ್ ಚೀಲ, ಸಣ್ಣದೊಂದು ಆಕ್ಸಿಜನ್ ಸಿಲಿಂಡರ್, ಬಾಯಿಗೆ ಕೊಳವೆ. ಗಣಿಯ ಹೊಗೆಯಲ್ಲೂ ಆಗುತ್ತಿತ್ತು, ನೀರಿನೊಳಗೂ ಆಗುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು ಎಂದು ಅಣ್ಣ ಅದನ್ನು ಬಿಚ್ಚಿ ತೋರಿಸಿ ವಿವರಿಸುತ್ತಿದ್ದರು. ಬಿಟ್ಟ ಉಸಿರು ಹೊರಗೆ ಹೋಗುವುದೇ ಇಲ್ಲವಂತೆ. ಸುಣ್ಣದ ಹರಳುಗಳ ಡಬ್ಬದೊಳಗೆ ಹಾದು, ಕೆಟ್ಟದ್ದು ಕಳೆದು, ಮತ್ತೆ ಬಾಯಿಗೇ ಬರುತ್ತದಂತೆ. ಅದಕ್ಕೇ ಸಣ್ಣ ಸಿಲಿಂಡರಿನಲ್ಲೇ ಬಹಳ ಹೊತ್ತು ನೀರಲ್ಲಿರಬಹುದು, ಗುಳ್ಳೆಯೆದ್ದು ಕೆಸರು ಕದಡುವುದಿಲ್ಲ.

"ಮತ್ತೆ ಕೆಟ್ಟದ್ದೇನಣ್ಣ ಇದರಲ್ಲಿ?" ಎಂದು ಕೇಳಿದ್ದೆ.

"ಮೂರಾಳುದ್ದಕ್ಕಿಂತ ಕೆಳಗೋದ್ರೆ ಆಕ್ಸಿಜನ್ನೇ ವಿಷ. ಹರಳು ಗಾಳಿಗೆ ಬಿದ್ರೆ ಸತ್ತೋಗುತ್ತೆ, ನೋಡೋಕೆ ಹಂಗೇ ಇರುತ್ತೆ. ಆಗ ಬಿಟ್ಟ ಉಸಿರೇ ವಾಪಸ್ ಬಂದು ಬುದ್ಧಿ ಮಂಕಾಗುತ್ತೆ ಕಣಮ್ಮ. ಎಳೀರಿ ಅಂತ ಹಗ್ಗ ಜಗ್ಗೋದೂ ಮರ್ತೋಗುತ್ತೆ." ಆಮೇಲೆ ನಕ್ಕರು. "ಎಲ್ಲಕ್ಕಿಂತ ಕೆಟ್ಟದ್ದು ಅಂದ್ರೆ, ಇದು ಮನೇಲಿದ್ದೋನು ಯಾರಿಗೂ ಆಗಲ್ಲ ಅನ್ನೋ ಹಂಗಿಲ್ಲ."

ನಿಜವೇ. ಬಾವಿಗೆ ಬಿದ್ದ ಮೋಟಾರು, ಬಿಂದಿಗೆ, ಒಮ್ಮೊಮ್ಮೆ ಮನುಷ್ಯರು... ಎಲ್ಲಕ್ಕೂ ಅವರ ಬಾಗಿಲಿಗೇ ಬರುತ್ತಿದ್ದರು.

ಆ ಸಲ ಆವನಿ ಕಡೆಯ ಒಂದು ಹಳ್ಳಿಯವರು ಬಂದರು. ಹೊಸ ಗುಡಿಗೆ ಶಿವಾರಪಟ್ಟಣದಿಂದ ಆಂಜನೇಯನ ವಿಗ್ರಹ ತಂದಿದ್ದರು. ಪ್ರತಿಷ್ಠೆಗೆ ಮುಂಚೆ ವಿಗ್ರಹವನ್ನು ನೀರಿನಲ್ಲಿಡುವ ಶಾಸ್ತ್ರವಿದೆಯಲ್ಲ, ಊರ ಕುಂಟೆಯ ನೀರೆಲ್ಲ ಒಣಗಿದ್ದರಿಂದ ಹಗ್ಗ ಕಟ್ಟಿ ತೋಟದ ಬಾವಿಗೇ ಇಳಿಬಿಟ್ಟಿದ್ದರು. ಗಂಟು ಜಾರಿ ದೇವರು ತಳ ಸೇರಿತ್ತು. ಮಾರನೆಯ ಬೆಳಿಗ್ಗೆ ಮುಹೂರ್ತ. ಎರಡಾಳು ನೀರು ಎಂದರು. ಅಣ್ಣ ಒಪ್ಪಿದರು. ದೇವರ ಕೆಲಸವೆಂದು ಅವರ ತಾಯಿಯೂ ಹೊರಟರು. ಹಗ್ಗ ಹಿಡಿಯಲು ನಮ್ಮ ಯಜಮಾನರು, ಅಜ್ಜಿಯ ಜೊತೆಗೆ ನಾನು.

ಮಧ್ಯಾಹ್ನದ ಬಿಸಿಲು. ಅಣ್ಣ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ವಿಗ್ರಹಕ್ಕೆಂದು ಇನ್ನೊಂದು ಹಗ್ಗದ ತುದಿ ಹಿಡಿದು, ಮೆಟ್ಟಿಲಿಳಿದು ಮುಳುಗಿದರು. ನೀರು ಮುಚ್ಚಿಕೊಂಡಿತು, ಅಷ್ಟೆ. ಒಂದು ಗುಳ್ಳೆಯಿಲ್ಲ.

"ಏನ್ಲಾ, ಒಳಗವನೋ ಇಲ್ವೋ? ಮೀನಾಗ್ಬಿಟ್ನಾ?" ಎಂದನೊಬ್ಬ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಯಜಮಾನರು ಹಗ್ಗ ಜಗ್ಗಿದರು. ಕೆಳಗಿನಿಂದ ಉತ್ತರವಾಗಿ ಒಂದು ಜಗ್ಗು ಬಂತು.

ಮಾವಿನ ಮರದ ನೆರಳಿನಲ್ಲಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಿದ್ದರು. "ಇದು ಒಳ್ಳೆ ಸುಣ್ಣ ನೋಡಮ್ಮಣ್ಣಿ. ಮೊನ್ನೆ ಮುಗ್ದೋಗಿತ್ತು ಅಂತ ಮಗನ ಡಬ್ಬದ್ದು ಬಾಯಿಗಾಕ್ಕೊಂಡೆ. ಅಬ್ಬಬ್ಬ, ನಾಲ್ಗೆ ಸುಟ್ಟೋಯ್ತು!"

"ಯಾವ ಡಬ್ಬ ಅಜ್ಜಿ?"

"ಅದೇ, ಸೈಕಲ್ ಟ್ಯೂಬಿನ ಪಟ್ಟಿ ಹಾಕಿರ್ತಾನಲ್ಲ. ಎರಡು ದಿನ ಬಾಯಿ ತೆಗ್ದೇ ಬಿಟ್ಟಿದ್ದೆ, ಮರೆವು. ಆಮೇಲೆ ಪಟ್ಟಿ ಮೊದಲಿನ ಹಂಗೇ ಹಾಕಿಟ್ಟೆ. ಹೇಳ್ಬೇಡ ಕಣೇ, ಬೈತಾನೆ."

ಆ ಬೆಳಿಗ್ಗೆ ಅಣ್ಣ ಅದೇ ಪಟ್ಟಿ ಬಿಚ್ಚಿ ಯಂತ್ರಕ್ಕೆ ಹರಳು ತುಂಬಿದ್ದನ್ನು ನಾನು ನೋಡಿದ್ದೆ. ಎದ್ದು ಓಡಿದೆ.

"ಎಳೀರಿ ಮೇಲಕ್ಕೆ... ಅಣ್ಣನ್ನ ಎಳೀರಿ!"

"ಈಗ ತಾನೇ ಜಗ್ಗಿದ್ನಲ್ಲೇ, ಚೆನ್ನಾಗಿದಾನೆ," ಎಂದರು ಯಜಮಾನರು. ಊರಿನ ಹಿರಿಯರೊಬ್ಬರು ಅಡ್ಡ ಬಂದರು. "ದೇವ್ರ ಕೆಲ್ಸ ತಾಯಿ, ಅರ್ಧಕ್ಕೆ ನಿಲ್ಲಿಸ್ಬಾರ್ದು. ಹೆಂಗಸ್ರು ಅತ್ಲಾಗ್ ನಿಂತ್ಕೊಳಿ."

ಹರಳು ಸತ್ತಿದೆ ಎಂದೆ. ನನ್ನ ದನಿ ನನಗೇ ಕೇಳಲಿಲ್ಲ. ಮೆಲ್ಲಗೆ ಮಾತಾಡಬೇಕೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಗಂಟಲು ಅದು. ಮತ್ತೆ ಹೇಳುವುದು ಬಿಟ್ಟು, ಯಜಮಾನರ ಕೈಯ ಮುಂದೆ ಹಗ್ಗ ಹಿಡಿದು ನಾನೇ ಜಗ್ಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಜಗ್ಗಿದೆ. ಹಗ್ಗ ಸುಮ್ಮನೆ ಭಾರವಾಗಿತ್ತು... ಆಗ ಯಜಮಾನರೂ ಎಳೆಯತೊಡಗಿದರು. ನಗುತ್ತಿದ್ದವರೇ ಬಂದು ಹಗ್ಗಕ್ಕೆ ಕೈ ಹಾಕಿದರು.

ನೀರಿನಿಂದ ಮೊದಲು ಮೇಲೆ ಬಂದದ್ದು ಅವರ ತಲೆಯಲ್ಲ, ಉಬ್ಬಿದ ಆ ರಬ್ಬರ್ ಚೀಲ. ಬಾಯಿಂದ ಕೊಳವೆ ಕಿತ್ತು ಕಟ್ಟೆಯ ಮೇಲೆ ಮಲಗಿಸಿದರು. ಮುಖ ಕಡುನೀಲಿ. ಕಣ್ಣು ತೆರೆದೇ ಇದ್ದರೂ ಯಾರನ್ನೂ ಕಾಣುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ಎದೆ ಏರಿ, ಬಿಕ್ಕಿದಂತೆ ಒಂದು ಉಸಿರು ಬಂತು. ಆಮೇಲೆ ಮಾತು: "ಆಂಜನೇಯಂಗೆ ಗಂಟು ಹಾಕಿದೀನಿ... ಎಳ್ಕೊಳಿ."

ತಾಯಿಯ ಮಾತನ್ನು ಅಣ್ಣನೊಬ್ಬರಿಗೇ ಹೇಳಿದೆ. ಅಜ್ಜಿ ಅಳುತ್ತಾ ಬಂದು ತಲೆ ಸವರಿದಾಗ, "ಹಗ್ಗ ಸಿಕ್ಕಾಕೊಂಡಿತ್ತಮ್ಮ, ಇನ್ನೇನಿಲ್ಲ," ಎಂದರು. ಅಜ್ಜಿ ಕೊನೆಯವರೆಗೂ ಹಾಗೆಯೇ ನಂಬಿದ್ದರು. ಅಂದಿನಿಂದ ಅವರ ಸುಣ್ಣದ ಕಾಯಿ, ಎಲೆಸುಣ್ಣದ ಆ ಹಿತ್ತಾಳೆ ಡಬ್ಬಿ, ಖಾಲಿಯಾದದ್ದನ್ನು ನಾನು ನೋಡಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಅಣ್ಣನೇ ಅದನ್ನು ತುಂಬಿಡುತ್ತಿದ್ದರು.

ಯಂತ್ರವನ್ನು ಮಾತ್ರ ಬಿಡಲಿಲ್ಲ. ಕರೆದವರಿಗೆಲ್ಲ ಹೋಗುತ್ತಲೇ ಇದ್ದರು. ಎಂಬತ್ತರ ದಶಕದಲ್ಲಿ ನಮಗೆ ಮಾಲೂರಿಗೆ ವರ್ಗವಾಯಿತು. ಅಜ್ಜಿ ಹೋದರಂತೆ. ಕೆಲವು ವರ್ಷಗಳಿಗೆ ಅಣ್ಣನೂ ಜ್ವರ ಬಂದು, ನೀರಲ್ಲಲ್ಲ, ಮಂಚದ ಮೇಲೇ ಹೋದರಂತೆ. ಸುದ್ದಿ ತಡವಾಗಿ ಮುಟ್ಟಿತು. ನಾವು ಹೋಗುವಷ್ಟರಲ್ಲಿ ಮನೆ ಬರಿದು. ಗೋಡೆಯ ಮೊಳೆಯಲ್ಲಿ ಆ ಚೀಲ ಬಿರುಕುಬಿಟ್ಟು ನೇತಾಡುತ್ತಿತ್ತು. ಗೂಡಿನಲ್ಲಿ ಸುಣ್ಣದ ಕಾಯಿ... ಮುಚ್ಚಳ ತೆಗೆದರೆ ತುಂಬಾ ಸುಣ್ಣ, ಒಣಗಿ ಕಲ್ಲಾಗಿತ್ತು.

ಹೋದ ವಾರ ಪೊಟ್ಟಣ ಬಿಚ್ಚಿದ ರಾತ್ರಿ ಹೊಸ ಚೀಲಕ್ಕೆ ಬಿಸಿನೀರು ತುಂಬಿ, ಮುಚ್ಚಳ ತಿರುಗಿಸುವ ಮುನ್ನ ಗಾಳಿ ಹೋಗಲೆಂದು ಮೆಲ್ಲಗೆ ಒತ್ತಿದೆ. ಚೀಲದ ಬಾಯಲ್ಲಿ ಗುಳ್ಳೆಯೊಂದು ಬಂದು ಒಡೆಯಿತು. ಇನ್ನೊಂದು ಬಂತು. ಮತ್ತೊಂದಕ್ಕೆ ಕಾದೆ...

ಬರಲಿಲ್ಲ.