ಭಾಗಮ್ಮನ ಎಡಗಿವಿಯ ಬುಗುಡಿ

ಭಂಕೂರಿನ ಭಾಗಮ್ಮನ ಎಡಗಿವಿಯ ಮೇಲಂಚಿನಲ್ಲಿ, ಬುಗುಡಿ ಇಡುವ ತೂತಿನ ಪಕ್ಕ, ಜೋಳದ ಕಾಳಿನಷ್ಟು ಹುಣ್ಣು ಎದ್ದಾಗ ಅವಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹತ್ತು ವರ್ಷ ಶಹಾಬಾದಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಹೊತ್ತವಳಿಗೆ ಗಾಯ ಎಂದರೆ ಬಂದುಹೋಗುವ ನೆಂಟ. ಅರಿಷಿಣ ಮೆತ್ತಿದಳು, ಎಣ್ಣೆ ಹಚ್ಚಿದಳು. ಈ ನೆಂಟ ಮಾತ್ರ ಎದ್ದುಹೋಗಲಿಲ್ಲ. ಎರಡು ವರ್ಷ ಕೂತು ಕಿವಿಯನ್ನು ಸಾವಕಾಶವಾಗಿ ತಿಂದಿತು.

ಕೊನೆಗೆ ಗಂಡ ರೇವಣಪ್ಪ ವಾಡಿಯಲ್ಲಿ ರೈಲು ಹತ್ತಿಸಿ ಹೈದರಾಬಾದಿನ ದವಾಖಾನೆಗೆ ಒಯ್ದ. ಡಾಕ್ಟರ್ ಸಿರಾಜುದ್ದೀನ ಅದು ಚರ್ಮದ ಕ್ಯಾನ್ಸರ್ ಎಂದು ಹೇಳಿ ಕಿವಿಯ ಮೇಲರ್ಧ ಕತ್ತರಿಸಿದರು. ಜೀವ ಉಳಿಯಿತು. ಆದರೂ ಭಾಗಮ್ಮ ಅತ್ತಳು. ಒಂದೇ ಬುಗುಡಿಯ ಮುತ್ತೈದೆ ಮಗಳ ಮದುವೆಯಲ್ಲಿ ಹೇಗೆ ನಿಲ್ಲಬೇಕು? ಬೋಳು ಕಿವಿ ಗಂಡನಿಗೆ ಆಗಿಬರುವುದಿಲ್ಲ ಎಂದು ಓಣಿಯ ಹೆಂಗಸರು ಬಾವಿಕಟ್ಟೆಯಲ್ಲಿ ಆಗಲೇ ಶುರುಹಚ್ಚಿಕೊಂಡಿದ್ದರು. ಅವರಿಗೇನು, ನಾಲಿಗೆಗೆ ಎಲುಬಿಲ್ಲ.

ರೋಗ ಮರಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಡಾಕ್ಟರು ಒಂದು ವರ್ಷ ಕಾಯಿಸಿದರು. ಆಮೇಲೆ ಅವಳದೇ ಪಕ್ಕೆಲುಬಿನ ಮೆತ್ತನೆಯ ತುದಿ ತೆಗೆದು, ಕಿವಿಯ ಆಕಾರಕ್ಕೆ ಕೆತ್ತಿ, ತಲೆಯ ಬದಿಯ ಚರ್ಮದ ಕೆಳಗೆ ಹುಗಿದರು. ಆರು ತಿಂಗಳಿಗೆ ಅದನ್ನು ಮೇಲೆತ್ತಿ, ಹಿಂಬದಿಗೆ ತೊಡೆಯ ಚರ್ಮ ಹಚ್ಚಿದರು. ಕನ್ನಡಿಯಲ್ಲಿ ಕಂಡದ್ದು ಸ್ವಲ್ಪ ದಪ್ಪ, ಆದರೆ ಕಿವಿಯೇ. ಭಾಗಮ್ಮನಿಗೆ ಡಾಕ್ಟರ ಕಾಲಿಗೆ ಬೀಳಬೇಕೆನ್ನಿಸಿತು.

"ಇದಕ್ಕ ನೋವು ಗೊತ್ತಾಗೂದಿಲ್ಲಮ್ಮಾ," ಎಂದರು ಅವರು. "ನೊಣ ಕೂತರೂ ತಿಳಿಯೂದಿಲ್ಲ. ದಿನಾ ಕನ್ನಡಿ ನೋಡ್ರಿ. ಸೂಜಿ ಮಾತ್ರ ತಾಗಸಬ್ಯಾಡ್ರಿ. ಒಳಗ ಕೀವಾದರ ಎಲ್ಲಾ ಕರಗಿ ಹೋಗ್ತದ."

"ಹೂಂ ರೀ ಸಾಹೇಬ್ರ," ಎಂದಳು.

ಮಗಳು ನೀಲಾಬಾಯಿಯ ಮದುವೆಗೆ ಹನ್ನೆರಡು ದಿನವಿದ್ದಾಗ ಸೇಡಂನಿಂದ ಬೀಗತಿ ಬಂದಳು. ಊಟ ಮಾಡಿದಳು, ಎಲೆ ಹಾಕಿದಳು, ಹೊರಡುವಾಗ ಕೇಳಿದಳು: "ಕಿವಿ ಭಾಳ ಚೊಲೋ ಆಗ್ಯದ. ಮತ್ತ ಬುಗುಡಿ ಯಾಕ ಇಟ್ಟಿಲ್ಲ?" ಅಷ್ಟೇ ಮಾತು. ಭಾಗಮ್ಮನಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಬೆಳಿಗ್ಗೆ ಅವಳು ಕಿವಿ ಚುಚ್ಚಲು ಅಕ್ಕಸಾಲಿಗನಿಗೆ ಹೇಳಿಕಳಿಸಹೊರಟಾಗ ರೇವಣಪ್ಪ ತಡೆದ. "ಡಾಕ್ಟರು ಬ್ಯಾಡಂದಾರ."

"ನಿಮ್ಮ ಸಲುವಾಗೇ ಇಟ್ಕೊಳ್ಳಾಕತ್ತೀನಿ," ಎಂದಳು. ಆ ಮಾತಿಗೆ ಯಾವ ಗಂಡ ಎದುರಾಡಿಯಾನು?

ಮೋನಪ್ಪ ಪತ್ತಾರ ನಲವತ್ತು ವರ್ಷದಿಂದ ಭಂಕೂರಿನ ಕಿವಿಗಳನ್ನು ಚುಚ್ಚುತ್ತ ಬಂದವನು. ಚುಚ್ಚಿದ ಕೂಡಲೇ ಬಾಯಿಗೆ ಬೆಲ್ಲದ ಚೂರು ಇಡುವುದು ಅವನ ಪದ್ಧತಿ. ಎಳೆಗೂಸಾದರೂ ಸರಿ, ಮುದುಕಿಯಾದರೂ ಸರಿ, ನೋವಿಗೆ ಬೆಲ್ಲ. ಸೂಜಿ ಕಿವಿಯ ಆಚೆಗೆ ದಾಟಿತು. ಭಾಗಮ್ಮ ರೆಪ್ಪೆ ಅಲುಗಿಸಲಿಲ್ಲ.

"ನೋವಾತೇನವ್ವಾ?"

"ಇಲ್ಲೋ ಯಪ್ಪಾ, ಒಂದೀಟೂ ಇಲ್ಲ. ದೇವರು ಒಪ್ಯಾನ ನೋಡು," ಎಂದು ಅವಳು ನಕ್ಕಳು.

ಮೋನಪ್ಪ ನಗಲಿಲ್ಲ. ಬುಗುಡಿ ತಿರುಪಿ ಕೂರಿಸಿದ. ಬೆಲ್ಲವನ್ನು ಕೊಡಲೋ ಬೇಡವೋ ತಿಳಿಯದೆ ಅಂಗೈಯಲ್ಲೇ ಹಿಡಿದುಕೊಂಡು ಮನೆಗೆ ಹೋದ.

ಹೊಸ ತೂತಿಗೆ ದಿನಾ ಅರಿಷಿಣ ಹಚ್ಚಬೇಕು, ಹಚ್ಚಿದಳು. ಕನ್ನಡಿಯನ್ನೂ ತಪ್ಪದೆ ನೋಡಿದಳು. ಕಂಡದ್ದು ಅರಿಷಿಣದ ಹಳದಿ, ನಡುವೆ ಹೊಳೆಯುವ ಬುಗುಡಿ. ಅದರ ಕೆಳಗಿನ ಕೆಂಪು ಹೇಗೆ ಕಾಣಬೇಕು? ಏಳನೆಯ ದಿನ ಏನೋ ವಾಸನೆ ಬಂತು. ಮನೆಯಲ್ಲಿ ಇಲಿ ಸತ್ತಿರಬೇಕೆಂದು ಅಟ್ಟವನ್ನೆಲ್ಲ ಹುಡುಕಿಸಿದಳು. ಇಲಿ ಸಿಗಲಿಲ್ಲ. ಮದುವೆಯ ಗಡಿಬಿಡಿಯಲ್ಲಿ ಆ ಮಾತು ಅಲ್ಲಿಗೇ ಬಿಟ್ಟುಹೋಯಿತು.

ಅಕ್ಷತೆಯ ಅಕ್ಕಿಕಾಳು ಬಿದ್ದ ಮೇಲೆ ಮಗಳು ತಾಯಿಯ ಕಾಲಿಗೆರಗಿ ಎದ್ದಳು. ಭಾಗಮ್ಮನ ಎರಡೂ ಕಿವಿಯಲ್ಲಿ ಬುಗುಡಿಗಳು ಮಿಂಚುತ್ತಿದ್ದವು. ಬೀಗತಿ ಅದನ್ನು ನೋಡಿ ತಲೆದೂಗಿದ್ದಳು. ಭಾಗಮ್ಮನಿಗೆ ಜನ್ಮ ಸಾರ್ಥಕವಾದಂತೆ ಸಂತೋಷ.

ಅವಳ ಎಡಗಿವಿಯ ಮೇಲೆ ಒಂದು ನೊಣ ಕೂತಿತ್ತು. ನೀಲಾಬಾಯಿ ಕೈ ಬೀಸಿದಳು. ಹಾರಿದ್ದು ಮತ್ತೆ ಬಂದು ಕೂತಿತು, ಅದರ ಹಿಂದೆ ಇನ್ನೆರಡು. ತಾಯಿ ನಗುತ್ತಲೇ ಇದ್ದಳು. ಮಗಳು ಸೆರಗು ಸರಿಸಿ ಬುಗುಡಿಯನ್ನು ಬೆರಳಿನಿಂದ ಮುಟ್ಟಿದಳು. ಅದು ಕರಿ ತುಣುಕಿನ ಸಮೇತ ಅವಳ ಕೈಗೇ ಬಂತು.

"ಅವ್ವಾ," ಎಂದಳು. "ನೋವಾಗಾಕತ್ತಿಲ್ಲೇನವ್ವಾ?"

"ಎಲ್ಲಿ ನೋವು?" ಎಂದು ಭಾಗಮ್ಮ ಮಗಳ ಕಣ್ಣೊರೆಸಿದಳು. "ಹುಚ್ಚಿ, ಇವತ್ತ್ಯಾಕ ಅಳ್ತೀ?"